ಎರಡನೆಯ ಆಂಪ್ಲಿಫೈಯರ್

ಮನೆಮಂದಿಯೆಲ್ಲ ಅವರನ್ನು ಕರೆಯುತ್ತಿದ್ದುದು ಕಿವಿ ಮಾವ ಎಂದೇ. ರೇಡಿಯೊ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತರಾದವರು. ಪಕ್ಕದ ಕೋಣೆಯ ಫ್ಯಾನಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದರು. ಹಾಗಾಗಿ ಅವರ ಅಕ್ಕನ ಮಗಳು ಪುಟ್ಟಿ ಆಂಪ್ಲಿಫೈಯರ್ ಕೊಳ್ಳಲು ಹೊರಟಾಗ ಮಾವನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಪುಟ್ಟಿ ಸ್ವಂತ ಔಷಧದಂಗಡಿ ನಡೆಸುವವಳು, ಬೈತಲೆಯಲ್ಲಿ ಬಿಳಿಗೂದಲು ಇಣುಕಿತ್ತು, ಆದರೂ ಪುಟ್ಟಿಯೇ.

ಅವಳು ಯಾರೋ ಬಳಸಿಬಿಟ್ಟ ಪ್ಲೇನಾರ್ ಸ್ಪೀಕರ್ ಜೋಡಿಯೊಂದನ್ನು ತಂದಿದ್ದಳು. ಅವುಗಳಿಗೆ ಪೆಟ್ಟಿಗೆಯೇ ಇಲ್ಲ. ಬಾಗಿಲಿನಷ್ಟೆತ್ತರದ ಚೌಕಟ್ಟಿಗೆ ಬಿಗಿದ ತೆಳುಹಾಳೆಯೇ ಅದುರಿ ಹಾಡುತ್ತದೆ. ಹಾಡು ಇಂಪು, ಆದರೆ ಕರೆಂಟಿನ ಹಸಿವು ವಿಪರೀತ. ಮನೆಯಲ್ಲಿದ್ದ ಪುಟ್ಟ ಆಂಪ್ಲಿಫೈಯರ್ ದನಿ ಕೊಂಚ ಏರಿಸಿದರೆ ಸಾಕು, ಏದುಸಿರು ಬಿಟ್ಟು ಆರಿಹೋಗುತ್ತಿತ್ತು.

ಅಂಗಡಿಯಲ್ಲಿ ಅಂಥದ್ದೇ ಸ್ಪೀಕರುಗಳಿದ್ದವು, ಅವಕ್ಕೆ ಎರಡು ಆಂಪ್ಲಿಫೈಯರ್ ಜೋಡಿಸಿದ್ದರು. "ಎಷ್ಟು ವಾಟ್ ಅಂತ ಬರೆದಿರೋದನ್ನೇ ನೋಡ್ಬೇಡಿ ಮೇಡಂ," ಎಂದ ಅಂಗಡಿಯವ. "ಇವಕ್ಕೆ ಧಾರಾಳವಾಗಿ ಕರೆಂಟ್ ಕೊಡೋ ತಾಕತ್ತಿರಬೇಕು. ನಿಮ್ಮ ಕೈಗೆಟುಕೋದು ಇದು, ಒಂದನೇದು. ಎರಡನೇದಕ್ಕೆ ಇದರ ಎರಡರಷ್ಟು ಬೆಲೆ. ಕೇಳಿ ನೋಡಿ."

ಮಾವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಹಾಡು ಶುರುವಾಯಿತು. "ಇದು ಒಂದನೇದು," ಎಂದ ಅಂಗಡಿಯವ. ಸ್ವಲ್ಪ ಹೊತ್ತಿನ ಮೇಲೆ ಗುಂಡಿಯೊಂದನ್ನು ಒತ್ತಿ, "ಇದು ಎರಡನೇದು," ಎಂದ.

ಮಾವನಿಗೆ ಎರಡೂ ಒಂದೇ ಥರ ಕೇಳಿಸಿದವು. ಎತ್ತರದ ಸ್ವರಗಳು ಅವರ ಕಿವಿಯ ತನಕ ಬರುವುದು ನಿಂತು ವರ್ಷಗಳೇ ಆಗಿದ್ದವು. ಮನೆಯ ಕರೆಗಂಟೆಗೆ ಹೆಂಡತಿಯೇ ಏಳಬೇಕಿತ್ತು. ಇದನ್ನವರು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

"ಎರಡನೇದೇ," ಎಂದರು, ಕಣ್ಣು ಮುಚ್ಚಿಕೊಂಡೇ. "ಅದರ ಗತ್ತೇ ಬೇರೆ. ತಂತಿ ಮೇಲೆ ಬೆರಳು ಜಾರೋದೂ ಕೇಳಿಸ್ತಿದೆ. ಒಂದನೇದು ಮೂಗು ಕಟ್ಟಿದ ಹಾಗಿತ್ತು."

ಕಣ್ಣು ತೆರೆದರೆ ಪುಟ್ಟಿ ಗೋಡೆ ನೋಡುತ್ತಿದ್ದಳು. ಗುಂಡಿಯ ಪಕ್ಕದಲ್ಲಿ ಇನ್ನೂ ಒಂದನೆಯದರ ದೀಪವೇ ಉರಿಯುತ್ತಿತ್ತು.

"ತಪ್ಪಾಯ್ತು ಸಾರ್," ಎಂದು ಅಂಗಡಿಯವ ತಡವರಿಸಿದ. "ಗುಂಡಿ ಸರಿಯಾಗಿ ಕೂತಿಲ್ಲ. ಎರಡೂ ಸಲ ಒಂದನೇದೇ ಹಾಡಿದ್ದು."

ಅಲ್ಲೇ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾವ ದಡಕ್ಕನೆ ಎದ್ದರು. "ನನ್ನನ್ನೇ ಪರೀಕ್ಷೆ ಮಾಡ್ತೀಯೇನಯ್ಯಾ? ನಿನ್ನಂಥವರನ್ನ ಎಷ್ಟು ಜನರನ್ನ ನೋಡಿಲ್ಲ! ಬಾ ಪುಟ್ಟಿ, ಇವನ ಸಹವಾಸ ಬೇಡ."

ಬೀದಿಗಿಳಿದ ಮೇಲೆ ಪುಟ್ಟಿ ಮೆಲ್ಲಗೆ, "ಹೋಗ್ಲಿ ಬಿಡಿ ಮಾವ. ಯಾರಿಗಾದ್ರೂ ಹಾಗೇ ಅನ್ನಿಸ್ತಿತ್ತು," ಎಂದಳು.

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮರುಕಕ್ಕೆ ಮಾವ ಕುಗ್ಗಿಹೋದರು. ಪಕ್ಕದ ಚಪ್ಪಲಿ ಅಂಗಡಿಯ ಗಾಜಿನ ಕಡೆ ಮುಖ ತಿರುಗಿಸಿಕೊಂಡು ಹೇಳಿದರು: "ನನಗೆ ಕೇಳಿಸೊಲ್ಲ ಪುಟ್ಟಿ. ಮೇಲಿನ ಸ್ವರವೆಲ್ಲ ಹೋಗಿ ಬಹಳ ಕಾಲ ಆಯ್ತು."

"ಮತ್ತೆ ಬೆರಳು ಜಾರಿದ್ದು?"

"ಬಾಯಿಗೆ ಬಂದದ್ದು ಹೇಳಿದೆ. ನನ್ನ ಮಾತು ನಂಬಿ ನೀನು ಎರಡರಷ್ಟು ದುಡ್ಡು ಸುರೀತಿದ್ದೆ, ಅಲ್ವಾ?"

"ಸುರೀತಿದ್ದೆ," ಎಂದಳು ಪುಟ್ಟಿ.

ಮಾವ ಅವಳಿಗಾಗಿ ಕಾಯದೆ ವಾಪಸ್ ನಡೆದರು. ಗಾಜಿನ ಬಾಗಿಲು ತಳ್ಳಿ ಅಂಗಡಿಯೊಳಗೆ ಹೋದರು, ಹಿಂದೆಯೇ ಪುಟ್ಟಿಯೂ ಬಂದಳು. "ತಪ್ಪು ನಂದು," ಎಂದರು ಅಂಗಡಿಯವನಿಗೆ. "ಕೇಳಿಸದೇ ಇದ್ದದ್ದನ್ನ ಕೇಳಿಸ್ತು ಅಂದೆ. ಸಾಲದ್ದಕ್ಕೆ ನಿಮ್ಮ ಮೇಲೇ ಕೂಗಾಡಿದೆ."

ಅಂಗಡಿಯವ ಕುರ್ಚಿಯನ್ನು ಮುಂದಕ್ಕೆಳೆದ. "ಕೂತ್ಕೊಳ್ಳಿ ಸಾರ್," ಎಂದ.

"ಕೂರಬೇಕಾದವಳು ಇವಳು. ಸ್ಪೀಕರ್ ಇವಳದ್ದು, ಕಿವೀನೂ ಇವಳದ್ದೇ."

ಪುಟ್ಟಿ ಕೂತಳು. ಮಾವ ಗೋಡೆಗೊರಗಿ ನಿಂತರು. ಅಬ್ಬರದ ಡ್ರಮ್ಮಿರುವ ಹಾಡು ಹಾಕಿ ದನಿ ಏರಿಸಿದರೂ ಅಗ್ಗದ ಆಂಪ್ಲಿಫೈಯರ್ ಬಳಲಲಿಲ್ಲ. ಅಂಗಡಿಯವ ಈ ಸಲ ದೀಪ ನೋಡಿಯೇ ಗುಂಡಿ ಬದಲಿಸಿದ. ಪುಟ್ಟಿ ಎರಡನ್ನೂ ಸಾವಧಾನವಾಗಿ ಕೇಳಿದಳು.

"ಅದು ಚೂರು ಚೆನ್ನಾಗಿದೆ," ಎಂದಳು ಕೊನೆಗೆ. "ಆದ್ರೆ ಎರಡರಷ್ಟೇನೂ ಚೆನ್ನಾಗಿಲ್ಲ. ಇದನ್ನೇ ಕೊಡಿ."

ಪುಟ್ಟಿಯ ಮನೆಯಲ್ಲಿ ವಯರು ಜೋಡಿಸುತ್ತಿದ್ದಾಗ ಅಕ್ಕನ ಫೋನು ಬಂತು. "ಏನೋ, ಒಳ್ಳೇದು ಆರಿಸ್ಕೊಟ್ಟೆಯಾ?"

"ಪುಟ್ಟೀನೇ ಆರಿಸಿದ್ಲು ಅಕ್ಕ."

"ಮತ್ತೆ ನೀನು ಹೋಗಿದ್ದು ಯಾಕೋ?"

"ಹೊತ್ಕೊಂಡು ಬರೋಕೆ."

ಅಕ್ಕ ಗಹಗಹಿಸಿ ನಕ್ಕಳು. ಪುಟ್ಟಿಯೂ ನಕ್ಕಳು. ಮತ್ತೆ ಜಾರಿಕೊಂಡೆನಲ್ಲ ಎಂದು ಮಾವನ ಮುಖ ಬಿಸಿಯಾಯಿತು. ಕಿವಿಯ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಫೋನಿಟ್ಟಿದ್ದಳು. ಪುಟ್ಟಿ ಹಾಡು ಹಾಕಿದಳು. ಮಾವ ತಲೆತಗ್ಗಿಸಿ, ಕೇಳಿಸಿದಷ್ಟನ್ನು ಕೇಳುತ್ತ ಕೂತರು.