ಮುಚ್ಚಬಾರದ ಕಿಂಡಿ

ಸೊಸೆ ನಿಂತು ಪಾಠ ಹೇಳುವುದು, ಅತ್ತೆ ಬೆಂಚಿನ ಮೇಲೆ ಕೈಕಟ್ಟಿ ಕೂತು ಕೇಳುವುದು. ಇಂಥ ತಮಾಷೆ ನೋಡಬೇಕೆಂದರೆ ಆ ಕಾಲೇಜಿನ ಹಿಂದಿನ ಶೆಡ್ಡಿಗೇ ಹೋಗಬೇಕಾಗಿತ್ತು. ನೂಲಿನ ಗಿರಣಿ ಬಾಗಿಲು ಹಾಕಿ ಊರಿನ ಅರ್ಧ ಜನ ಕೆಲಸವಿಲ್ಲದೆ ಕೂತಾಗ ಕಾಲೇಜಿನವರು ಅಲ್ಲಿ ಹೊಸದೊಂದು ತರಬೇತಿ ಶುರುಮಾಡಿದ್ದರು. ಚಳಿಗಾಲದಲ್ಲಿ ಮನೆಯ ಬಿಸಿ ಎಲ್ಲಿಂದ ಸೋರಿಹೋಗುತ್ತದೆಂದು ಪತ್ತೆಹಚ್ಚಿ, ಸಂದುಗೊಂದು ಮುಚ್ಚಿ, ಚಾವಣಿಗೆ ಹೊದಿಕೆ ಹಾಕಿ, ಜನರ ಕರೆಂಟು ಗ್ಯಾಸು ಉಳಿಸಿಕೊಡುವ ಕೆಲಸ. ಕಲಿತು ಸರ್ಟಿಫಿಕೇಟು ಪಡೆದವರಿಗೆ ಊರಿನ ವಸತಿ ಕಚೇರಿಯಲ್ಲಿ ನೌಕರಿ ಖಾತ್ರಿ ಎಂದಿದ್ದರು. ಕಲಿಸುವವಳು ಸೊಸೆ. ಕಲಿಯಲು ಬಂದವರಲ್ಲಿ ಗಿರಣಿಯಲ್ಲಿ ಅರ್ಧ ಆಯುಷ್ಯ ಸವೆಸಿದ ಅತ್ತೆಯೂ ಒಬ್ಬರು.

"ಮನೇಲಿ ನನ್ನ ಮಾತು ನಡೀಲಿ, ಅಲ್ಲಿ ನಿನ್ನ ಮಾತು" ಎಂದು ಅತ್ತೆ ಮೊದಲ ದಿನವೇ ಒಪ್ಪಂದ ಮಾಡಿಕೊಂಡಿದ್ದರು. ಒಪ್ಪಂದ ಇಬ್ಬರಿಗೂ ರುಚಿಸಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ "ಪಾತ್ರೆ ಹೀಗಾ ತೊಳೆಯೋದು?" ಎಂದು ಮೂಗು ಮುರಿದ ಅತ್ತೆಗೆ, ಮಧ್ಯಾಹ್ನ ಶೆಡ್ಡಿನಲ್ಲಿ "ಏಣಿ ಹೀಗಾ ಹಿಡಿಯೋದು?" ಎಂದು ಬಡ್ಡಿ ಸಮೇತ ವಾಪಸು ಸಿಗುತ್ತಿತ್ತು. ತರಗತಿಗೆ ತರಗತಿಯೇ ನಗುತ್ತಿತ್ತು. ಅತ್ತೆಯೂ ನಗುತ್ತಿದ್ದರು, ಆದರೆ ಒಂದು ತೂಕ ಕಡಿಮೆ. ಸೊಸೆಯ ದಯೆಯಿಂದ ಪಾಸಾದಳು ಎಂದು ಯಾರೂ ಆಡಿಕೊಳ್ಳಬಾರದು ಎಂಬ ಹಟ ಅವರಿಗೆ ಒಳಗೊಳಗೇ ಇತ್ತು. ಅದಕ್ಕೇ ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಸರಿಯಿದ್ದರೆ ಹಿಂದೆ ತಿರುಗಿ ಉಳಿದವರ ಮುಖ ನೋಡುತ್ತಿದ್ದರು. ಮೆಚ್ಚುಗೆಯ ಮಾತೆಂದರೆ ಅವರಿಗೆ ಪ್ರಾಣ. ಆ ಗಿರಣಿಯಲ್ಲಿ ಅಷ್ಟು ವರ್ಷ ದುಡಿದರೂ ಒಬ್ಬನೇ ಒಬ್ಬ ಮೇಲಧಿಕಾರಿ "ಭೇಷ್" ಅಂದಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ.

ಕೊನೆಯ ವಾರ ನಿಜವಾದ ಮನೆಗಳಲ್ಲಿ ಕೆಲಸ. ಅತ್ತೆಗೂ ಉದ್ದಣ್ಣನಿಗೂ ಸೇರಿ ಒಂದು ಮನೆ ಸಿಕ್ಕಿತು. ಉದ್ದಣ್ಣನೆಂದರೆ ಗಿರಣಿಯ ಹಳೇ ಫಿಟ್ಟರು, ಬಾಗಿಲಿದ್ದಲ್ಲೆಲ್ಲ ತಲೆ ತಗ್ಗಿಸಿಯೇ ಒಳಬರುವ ಆಳು. ಮನೆ ಒಬ್ಬ ಬಸ್ ಡ್ರೈವರನದು. ಅವನು, ಅವನ ತಾಯಿ, ಹೆಂಡತಿ, ಇನ್ನೂ ಕತ್ತು ನಿಲ್ಲದ ಗಂಡುಕೂಸು. ಎರಡು ಕೋಣೆಯ ಹಳೇ ಮನೆ. ಕಿಟಕಿ ಹಾಕಿದ್ದರೂ ಪರದೆ ಅಲ್ಲಾಡುತ್ತಿತ್ತು. ಬಾಣಂತಿ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕೂಸನ್ನು ಎರಡು ಕಂಬಳಿಯಲ್ಲಿ ಸುತ್ತಿಕೊಂಡು, ಗೋಡೆಯಿಂದ ಗೋಡೆಗೆ ಜಾಗ ಬದಲಾಯಿಸುತ್ತ ಕೂರುತ್ತಿದ್ದಳು.

ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ಅದರೊಳಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆಳೆದರೆ ಮನೆ ತನ್ನ ಗುಟ್ಟನ್ನೆಲ್ಲ ಬಿಟ್ಟುಕೊಡುತ್ತದೆ. ಸ್ವಿಚ್ಚಿನ ಪೆಟ್ಟಿಗೆಯಿಂದ, ಚೌಕಟ್ಟಿನ ಬಿರುಕಿನಿಂದ, ಕೊಳಾಯಿ ಹಾದುಹೋದ ತೂತಿನಿಂದ ತಣ್ಣನೆಯ ಗಾಳಿ ಸೀಟಿ ಹೊಡೆಯುತ್ತ ಒಳಬರುತ್ತದೆ. ಅತ್ತೆ ಅಂಗೈ ಚಾಚಿಕೊಂಡು ಮನೆಯೆಲ್ಲ ಸುತ್ತಿದರು. ಸಿಕ್ಕಿದ ಸಂದನ್ನೆಲ್ಲ ಮುಚ್ಚಿದರು. ಬಾಗಿಲ ಅಡಿಗೆ ರಬ್ಬರಿನ ಪಟ್ಟಿ, ಕಿಟಕಿಯ ಅಂಚಿಗೆ ಅಂಟು, ಚಾವಣಿಯ ಬಿರುಕಿಗೆ ಉಬ್ಬಿ ಗಟ್ಟಿಯಾಗುವ ನೊರೆ. ಉದ್ದಣ್ಣನಿಗೆ ಉಸಿರಾಡಲು ಬಿಡಲಿಲ್ಲ. ಬಾಣಂತಿ ಮೊದಲ ದಿನ ಮಫ್ಲರ್ ಬಿಚ್ಚಿದಳು, ಮರುದಿನ ಒಂದು ಕಂಬಳಿ ತೆಗೆದಳು. "ಅಮ್ಮಾ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು" ಅಂದಳು. ಅತ್ತೆ ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ಸೊಸೆ ಬಂದು ಪರೀಕ್ಷೆ ಮಾಡಿದಳು. ಬಚ್ಚಲಿನ ಗ್ಯಾಸ್ ಗೀಸರ್ ಹೊತ್ತಿಸಿ, ವಿಷಗಾಳಿ ಅಳೆಯುವ ಮೀಟರ್ ಹಿಡಿದು ನಿಂತಳು. ಗೋಡೆಯ ಮೇಲುಗಡೆ ಇದ್ದ ಜಾಲರಿಯ ಕಿಂಡಿಯನ್ನು ಕತ್ತೆತ್ತಿ ನೋಡಿದಳು. ಅದೊಂದು ಕಿಂಡಿಯ ಬಗ್ಗೆ ಅವಳು ತರಗತಿಯಲ್ಲಿ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಳು. ಉಳಿದದ್ದೆಲ್ಲ ಮುಚ್ಚಿ, ಗ್ಯಾಸ್ ಉರಿಯುವ ಜಾಗದ ಕಿಂಡಿ ಮಾತ್ರ ಮುಚ್ಚಬೇಡಿ, ಮುಚ್ಚಿದರೆ ವಿಷಗಾಳಿ ಒಳಗೇ ತುಂಬುತ್ತದೆ, ಅದು ಮನೆಯ ಮೂಗು ಅಂದುಕೊಳ್ಳಿ ಎಂದು. ಎಲ್ಲ ಸರಿಯಿತ್ತು. "ಚೆನ್ನಾಗಿದೆ" ಎಂದು ಒಂದೇ ಮಾತು ಹೇಳಿ ಮುಂದಿನ ಮನೆಗೆ ಹೋದಳು. ಉದ್ದಣ್ಣ ಫ್ಯಾನು ಬಿಚ್ಚಿ ಗಾಡಿಗೆ ಹೇರಲು ಹೊರಟ.

ಆಗ ಬಾಣಂತಿ ಅತ್ತೆಯ ಹತ್ತಿರ ಬಂದಳು. "ಅಮ್ಮಾ, ಎಲ್ಲಾ ಬೆಚ್ಚಗಾಯ್ತು. ಬಚ್ಚಲೊಂದೇ ಉಳ್ಕೊಂಡಿತು ನೋಡಿ. ಆ ಜಾಲರಿಯಿಂದ ಗಾಳಿ ಸೀದಾ ಮಗೂನ ನೆತ್ತಿ ಮೇಲೇ ಬೀಳತ್ತೆ. ನಾಳೆಯಿಂದ ಇವನನ್ನ ಜೊತೇಲೇ ಸ್ನಾನಕ್ಕೆ ಕರ್ಕೊಂಡು ಹೋಗೋಣ ಅಂತಿದ್ದೀನಿ. ನೀವೇ ಏನಾದ್ರೂ ಮಾಡ್ಕೊಡಿ."

ಮಾಡಬಾರದು ಎಂದು ಅತ್ತೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದರೆ ಚಿನ್ನದ ಬಳೆಯ ಮಾತಾಡಿದ ಬಾಯಿಗೆ ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ಮೂರು ಹೆತ್ತು ಸಾಕಿದವಳಿಗೆ ನಿನ್ನೆ ಮೊನ್ನೆಯ ಪುಸ್ತಕ ಏನು ಹೇಳಿಕೊಡುತ್ತದೆ ಎಂಬ ಧಿಮಾಕೂ ಒಂದಿಷ್ಟಿತ್ತು. ಹತ್ತು ನಿಮಿಷದ ಸ್ನಾನ, ಬಾಗಿಲ ಸಂದಿನಿಂದ ಬೇಕಾದಷ್ಟು ಗಾಳಿ ಬರುತ್ತದೆ ಅಂದುಕೊಂಡರು. ಆ ಸಂದುಗಳನ್ನೆಲ್ಲ ಮೂರು ದಿನದಿಂದ ತಾವೇ ಮುಚ್ಚುತ್ತ ಬಂದಿದ್ದೇವೆ ಎಂಬುದು ಆ ಗಳಿಗೆಯಲ್ಲಿ ತಲೆಗೆ ಬರಲೇ ಇಲ್ಲ. ಸಂದು ಮುಚ್ಚುವ ಮೊದಲಿನ ಮನೆಯಾಗಿದ್ದರೆ ಕಿಂಡಿ ಮುಚ್ಚಿದರೂ ಬಹುಶಃ ನಡೆದುಹೋಗುತ್ತಿತ್ತೇನೋ. ಮಿಕ್ಕಿದ್ದ ಥರ್ಮೋಕೋಲಿನ ಚೂರೊಂದನ್ನು ಕೊಯ್ದು, ಸ್ಟೂಲು ಹತ್ತಿ, ಜಾಲರಿಗೆ ಒತ್ತಿ ಟೇಪು ಹಾಕಿದರು. "ಬೇಸಿಗೆ ಬಂದ್ಮೇಲೆ ತೆಗೆದುಬಿಡು" ಎಂದರು. ಉದ್ದಣ್ಣ ಗಾಡಿಯ ಹತ್ತಿರದಿಂದ ಕೂಗಿದ. ಅತ್ತೆ ಕೈ ಒರೆಸಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ಬಾಣಂತಿ ಬಚ್ಚಲಿನಲ್ಲಿ ಬಿದ್ದಳು. ಮಗು ಅಳುತ್ತಿದ್ದುದರಿಂದ ಮೊದಲು ತಾನು ಮುಗಿಸಿಕೊಂಡು ಬರುತ್ತೇನೆ ಎಂದು ಗಂಡನ ಕೈಗೆ ಕೊಟ್ಟು ಹೋಗಿದ್ದಳಂತೆ. ಕರೆದರೆ ಓಗೊಡಲಿಲ್ಲ. ಡ್ರೈವರ್ ಭುಜ ಕೊಟ್ಟು ಬಾಗಿಲು ಮುರಿದ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಹೆಣವನ್ನೇ ಎತ್ತಬೇಕಾಗಿತ್ತು ಎಂದರಂತೆ ಆಸ್ಪತ್ರೆಯವರು.

ಸುದ್ದಿ ಶೆಡ್ಡಿಗೆ ಬಂದಾಗ ಅತ್ತೆಯ ಕೈಯಲ್ಲಿದ್ದ ಅಂಟಿನ ಡಬ್ಬಿ ಹಾಗೇ ನಿಂತುಬಿಟ್ಟಿತು. ಸೊಸೆ ಆಗಲೇ ಆ ಮನೆಗೆ ಓಡಿದ್ದಳು. ಪ್ರಿನ್ಸಿಪಾಲರು ಬಿಳಿಚಿಕೊಂಡ ಮುಖ ಹೊತ್ತು ಬಾಗಿಲಲ್ಲಿ ನಿಂತು, "ಯಾರು ಮುಚ್ಚಿದ್ದು?" ಅಂದರು. ಉದ್ದಣ್ಣ ತಾನಲ್ಲ ಎಂದು ತಲೆಯಾಡಿಸಿದ. ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು ಬಡಿಯಿತು. ಕೇಳುತ್ತ ಕೇಳುತ್ತ ಅವರ ಮುಖಕ್ಕೆ ರಕ್ತ ಬಂತು.

"ಸದ್ಯ! ಆಯಮ್ಮಾನೇ ಮುಚ್ಕೊಂಡಿದ್ದಂತೆ. ಉಳಿದ ಚೂರು ತಗೊಂಡು ತಾನೇ ಸ್ಟೂಲ್ ಹಾಕ್ಕೊಂಡು ಮುಚ್ಚಿದೆ ಅಂತ ಆಸ್ಪತ್ರೇಲಿ ಹೇಳಿದ್ದಾಳೆ. ನಮ್ಮೋರದ್ದೇನೂ ತಪ್ಪಿಲ್ಲ."

ಎಲ್ಲರೂ ಉಸಿರು ಬಿಟ್ಟರು. ಯಾರೋ "ಇಷ್ಟೂ ತಿಳುವಳಿಕೆ ಇಲ್ವಾ ಹೆಂಗಸರಿಗೆ" ಅಂದರು. ಅತ್ತೆ ತೆರೆದ ಬಾಯಿ ಮುಚ್ಚಿದರು. ಆ ಕ್ಷಣ ಅವರಿಗೆ ಹಾಯೆನಿಸಿತು. ನಿಜವಾಗಿಯೂ ಹಾಯೆನಿಸಿತು. ಆ ನೆಮ್ಮದಿಯನ್ನು ನೆನೆದರೆ ಆಮೇಲೆ ಅವರಿಗೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು.

ಸಂಜೆ ಸೊಸೆ ಮನೆಗೆ ಬಂದವಳು ಬಟ್ಟೆ ಬದಲಾಯಿಸಿದಳು, ಅನ್ನಕ್ಕಿಟ್ಟಳು, ತರಕಾರಿ ಹೆಚ್ಚಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಎಂದಿನಂತೆ ಹೋಳು ದಪ್ಪವಾಯಿತು ಎನ್ನಬಹುದಿತ್ತು.

"ಟೇಪಿನ ತುದಿ ಮಡಚಿತ್ತು" ಎಂದಳು ಸೊಸೆ, ತಲೆಯೆತ್ತದೆ.

ಟೇಪು ಹಾಕಿದಾಗಲೆಲ್ಲ ಕೊನೆಯ ಒಂದು ಬೆರಳಗಲ ಮಡಚಿಡುವುದು ಅತ್ತೆಯ ಕೈಗೆ ಗಿರಣಿ ಕಲಿಸಿದ್ದು. ಮತ್ತೆ ಕೀಳುವಾಗ ಸಲೀಸು. ತಮ್ಮ ಮನೆಯ ಸಕ್ಕರೆ ಪೊಟ್ಟಣದಿಂದ ಹಿಡಿದು ಎಲ್ಲದರ ತುದಿಯೂ ಹಾಗೇ ಇರುತ್ತಿತ್ತು. ಲೋಕದಲ್ಲಿ ಬೇರೆ ಯಾರೂ ಮಡಚುವುದಿಲ್ಲವೆಂದಲ್ಲ. ಆದರೆ ಸೊಸೆಗೆ ಅಷ್ಟು ಸಾಕಾಗಿತ್ತು.

"ಬೈದುಬಿಡು" ಎಂದರು ಅತ್ತೆ.

"ಬೈಯೋಕೆ ನಂಗೇನು ಬಾಯಿದೆ ಅತ್ತೆ? ನಾನೂ ನೋಡ್ಬಿಟ್ಟು ಸುಮ್ನೆ ಬಂದೆ. ಪ್ರಿನ್ಸಿಪಾಲ್ರು ಕೇಳಿದ್ರು, ಆಯಮ್ಮ ಹೇಳಿದ್ದೇ ನಿಜ ಇರ್ಬೇಕು ಅಂದೆ. ನಿಮ್ಮ ಮುಖ ಉಳೀಲಿ ಅಂತ ಅಂದ್ನೋ, ನನ್ನ ಕೆಲಸ ಉಳೀಲಿ ಅಂತ ಅಂದ್ನೋ, ನಂಗೇ ಗೊತ್ತಾಗ್ತಿಲ್ಲ." ಅವಳು ಚಾಕು ಕೆಳಗಿಟ್ಟಳು. "ನಾಳಿದ್ದು ಸರ್ಟಿಫಿಕೇಟ್ ಕೊಡ್ತಾರೆ. ನಾನೇ ಸಹಿ ಹಾಕ್ಬೇಕು, ಹಾಕ್ತೀನಿ. ಆದ್ರೆ ಇನ್ನೊಂದು ತಂಡ ಬರತ್ತಲ್ಲ, ಅವ್ರ ಮುಂದೆ ನಿಂತು ಆ ಕಿಂಡಿ ಪಾಠ ಹೇಗೆ ಮಾಡ್ಲಿ ಹೇಳಿ."

ಅತ್ತೆಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಸೊಸೆ ಸಿಡುಕಿದ್ದರೆ ತಿರುಗಿ ಸಿಡುಕಬಹುದಿತ್ತು; ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಮತ್ತೆ ಚಾಕು ಎತ್ತಿಕೊಂಡು ತರಕಾರಿ ಹೆಚ್ಚತೊಡಗಿದಳು. ಹೆಚ್ಚುತ್ತಲೇ, "ಆಯಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ" ಅಂದಳು. "ಮಗೂನ ಅವಳ ಕೈಗೆ ಕೊಡ್ತಿಲ್ಲ. ಹೆತ್ತ ಮಗೂನ ಕೊಲ್ಲೋಕೆ ಹೊರಟಿದ್ದೋಳು ಅಂತ ಡ್ರೈವರನ ತಾಯಿ ಕೇರಿಗೆಲ್ಲ ಹೇಳ್ಕೊಂಡು ಬರ್ತಿದ್ದಾಳೆ."

ಬೆಳಿಗ್ಗೆ ಅತ್ತೆ ಕಾಲೇಜಿಗೆ ಹೊರಟವರು ತಿರುವಿನಲ್ಲಿ ಆ ಮನೆಯ ಕಡೆ ಹೊರಳಿದರು. ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ಎದುರಿಗೆ ಸಿಕ್ಕವರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆ ಅನಿಸಿತು. ಯಾರೂ ನೋಡುತ್ತಿರಲಿಲ್ಲ.

ಬಾಗಿಲು ತೆಗೆದವನು ಡ್ರೈವರ್. ಒಳಗೆ ಅವನ ತಾಯಿ ಕುರ್ಚಿಯ ಮೇಲೆ ಕೂಸನ್ನು ತೊಡೆಗೆ ಹಾಕಿಕೊಂಡು ಕೂತಿದ್ದಳು. ಬಾಣಂತಿ ಎದುರಿನ ಮಂಚದ ಅಂಚಿನಲ್ಲಿದ್ದಳು. ಮುಖ ಇನ್ನೂ ಬೂದಿ ಬಣ್ಣ. ಕೈ ಎರಡೂ ಖಾಲಿ, ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟಿದ್ದಳು. ಮನೆ ಬೆಚ್ಚಗಿತ್ತು. ಆ ಬಿಸುಪೇ ಅತ್ತೆಯನ್ನು ಕುಟುಕಿತು.

"ಬನ್ನಿ, ನೀವಾದ್ರೂ ಬುದ್ಧಿ ಹೇಳಿ ಇವಳಿಗೆ" ಎಂದಳು ಮುದುಕಿ. "ಅಷ್ಟು ಕಷ್ಟಪಟ್ಟು ಕೆಲಸ ಮಾಡ್ಕೊಟ್ರಿ. ಹಿಂದಿನಿಂದ ಇವಳು ಮಾಡಿದ ಘನಂದಾರಿ ಕೆಲಸ ನೋಡಿ."

"ಅದನ್ನ ಮುಚ್ಚಿದ್ದು ನಾನು" ಎಂದರು ಅತ್ತೆ.

ಬಾಣಂತಿ ತಟ್ಟನೆ ತಲೆಯೆತ್ತಿದಳು. "ಇಲ್ಲ, ಅವ್ರು ಸುಮ್ನೆ ಹೇಳ್ತಿದ್ದಾರೆ. ನಾನೇ..."

"ನೀನು ಸುಮ್ನಿರಮ್ಮ. ಅವಳು ಕೇಳಿದ್ದು ಹೌದು. ಅವಳಿಗೆ ಗೊತ್ತಿರಲಿಲ್ಲ, ನಂಗೆ ಗೊತ್ತಿತ್ತು. ಮುಚ್ಬಾರದು ಅಂತ ಪಾಠ ಹೇಳಿದ್ರು, ಬರ್ಕೊಂಡಿದ್ದೆ, ಪರೀಕ್ಷೇಲಿ ಸರಿಯಾಗೇ ಹೇಳಿದ್ದೆ. ಮೇಡಂ ನೋಡ್ಕೊಂಡು ಹೋದ್ಮೇಲೆ ಮುಚ್ಚಿದೆ. ಹೊಗಳ್ತಾರೆ ಅಂತ ಮುಚ್ಚಿದೆ." ಹೇಳುವಾಗ ಕಿವಿಯ ತುದಿಯ ತನಕ ಬಿಸಿಯಾಯಿತು. ಹೊಗಳ್ತಾರೆ ಅಂತ ಎಂಬ ಮಾತನ್ನು ತಮಗೇ ತಾವು ಇದುವರೆಗೆ ಹೇಳಿಕೊಂಡಿರಲಿಲ್ಲ.

ಡ್ರೈವರ್ ಎರಡು ಹೆಜ್ಜೆ ಮುಂದೆ ಬಂದ. ಕೈಯೆತ್ತಿಯಾನು ಎಂದುಕೊಂಡರು ಅತ್ತೆ, ಎತ್ತಿದ್ದರೆ ಒಳ್ಳೆಯದಿತ್ತು. "ನಂಬಿ ಮನೆ ಬಿಟ್ಟುಕೊಟ್ಟಿದ್ವಲ್ರೀ" ಎಂದ ಅವನು, ಮೆಲ್ಲಗೆ. "ನಡೀರಿ ಆಚೆ. ನಾನು ಕಾಲೇಜಿಗೆ ಹೋಗಿ ಹೇಳ್ತೀನಿ."

"ನಾನೇ ಹೋಗ್ತಿದ್ದೀನಿ ಹೇಳೋಕೆ. ನೀವೂ ಬನ್ನಿ. ಮೊದಲು ಮಗೂನ ಅವಳಿಗೆ ಕೊಡಿಸಿ."

ಮುದುಕಿ ಅಲ್ಲಾಡಲಿಲ್ಲ. ಕೇರಿಗೆಲ್ಲ ಹೇಳಿಬಂದ ಮಾತನ್ನು ಇನ್ನು ನುಂಗಬೇಕಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಕೂಸು ಕೊಸರಾಡಿತು. ಅತ್ತೆ ನಿಂತೇ ಇದ್ದರು. ಹೋಗೆಂದರೂ ಹೋಗದೆ, ಕೂರೆನ್ನದಿದ್ದರೂ ಸಂಕೋಚಪಡದೆ, ಮರ್ಯಾದೆಗೆಟ್ಟವರ ಹಾಗೆ ನಿಂತಿದ್ದರು. ಕೊನೆಗೆ ಡ್ರೈವರ್, "ಕೊಡಮ್ಮಾ" ಎಂದ. ಮುದುಕಿ ಎದ್ದು ಕೂಸನ್ನು ಬಾಣಂತಿಯ ತೊಡೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಬಾಣಂತಿ ಮಗುವನ್ನು ಎದೆಗೊತ್ತಿಕೊಂಡಳು. ಅದರ ನೆತ್ತಿ ಮೂಸಿದಳು, ಕಾಲು ಹಿಡಿದು ನೋಡಿದಳು, ಮತ್ತೆ ಒತ್ತಿಕೊಂಡಳು. ಇಷ್ಟು ಹೊತ್ತು ಅತ್ತೆಯನ್ನು ಕಾಪಾಡಲು ನೋಡುತ್ತಿದ್ದ ಆ ಕಣ್ಣು ನಿಧಾನವಾಗಿ ಬದಲಾಯಿತು.

"ನಿಮಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಮಗೂನ ಜೊತೇಲಿ ಕರ್ಕೊಂಡು ಹೋಗ್ತೀನಿ ಅಂತ ನಾನು ಹೇಳಿದ್ದೆ. ಹೇಳಿದ್ನಲ್ವಾ?"

ಅತ್ತೆ ಹೌದೆಂದು ತಲೆಯಾಡಿಸಿದರು. ಕ್ಷಮಿಸು ಎನ್ನುವ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದರು. ಅದನ್ನು ಆಡಿದರೆ ಈ ಹುಡುಗಿ ಮತ್ತೆ ಒಳ್ಳೆಯತನಕ್ಕೆ ಬಿದ್ದು, 'ಹೋಗಲಿ ಬಿಡಿ' ಎಂದುಬಿಟ್ಟಾಳು ಎಂದು ಹೆದರಿ, ಆಡದೆ ಹೊರಗೆ ಬಂದರು.