ಚೀವರದೊಳಗಿನ ಜೇಬು

ನನ್ನ ದೊಡ್ಡತ್ತೆ ಬೆಟ್ಟದ ಮೆಟ್ಟಿಲುಗಳನ್ನು ಬೈಯುತ್ತ ಹತ್ತುತ್ತಿದ್ದರು. ಬಲಗೈಯನ್ನು ಬಲಮೊಣಕಾಲಿನ ಮೇಲೆ ಊರಿ, ಸದಾ ಎಡಗಾಲನ್ನೇ ಮುಂದಿಟ್ಟು, "ನಿನ್ನ ಮನೆ ಹಾಳಾಗ, ಇಷ್ಟು ಎತ್ತರ ಯಾಕಾದೆ?" ಎಂದು ಕಲ್ಲನ್ನೇ ವಿಚಾರಿಸಿಕೊಳ್ಳುತ್ತ ಏರುವ ಆ ನಡಿಗೆಯನ್ನು ಯಾರಾದರೂ ದೂರದಿಂದಲೇ ಗುರುತಿಸಬಹುದಿತ್ತು. ಮೈಮೇಲೆ ನನ್ನ ಅಪ್ಪನ ಹಳೆಯ ಕೋಟು. ಅದರ ತೋಳಿಗೆ ಅಂಟಿದ ಬಣ್ಣಬಣ್ಣದ ನೂಲಿನ ತುಣುಕುಗಳು. ಬೀದಿಯ ಮೂಲೆಯ ಇಕ್ಕಟ್ಟು ಕೋಣೆಯಲ್ಲಿ ಹೊಲಿಗೆಯಂತ್ರ ತುಳಿದೂ ತುಳಿದೂ ಆ ಮೊಣಕಾಲು ಸವೆದಿತ್ತು. ಅಳತೆಪಟ್ಟಿ ಕೊರಳಲ್ಲೇ ಇದ್ದರೂ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವ ಹಟ ಅವರದು. ಅಳತೆ ತಪ್ಪಿದರೆ, ತೊಡುವವರೇ ದಪ್ಪಗಾಗಿದ್ದಾರೆಂದು ವಾದಿಸುತ್ತಿದ್ದರು.

ಅಂಥ ಮೊಣಕಾಲು ಕಟ್ಟಿಕೊಂಡು ಅವರು ಆ ಕಡಿದಾದ ಬೆಟ್ಟ ಹತ್ತುತ್ತಿದ್ದುದು ಬುದ್ಧನಿಗಾಗಿ ಅಲ್ಲ. ತುದಿಯ ವಿಹಾರದಲ್ಲಿ ನನ್ನ ಚಿಕ್ಕತ್ತೆ, ಅಂದರೆ ಅವರ ಒಡಹುಟ್ಟಿದ ತಂಗಿ, ಭಿಕ್ಷುಣಿಯಾಗಿದ್ದರು. ತಾಯಿಯಿಲ್ಲದ ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು, ಸೂಜಿ ಹಿಡಿಯಲು ಕಲಿಸಿದವರು ದೊಡ್ಡತ್ತೆಯೇ. ದೀಕ್ಷೆಯಾದ ಮೇಲೆ ಚಿಕ್ಕತ್ತೆ ಹೆಂಗಸರನ್ನೆಲ್ಲ "ತಾಯಿ" ಎಂದು ಕರೆಯುತ್ತಿದ್ದರು, ಅಕ್ಕನನ್ನೂ ಸೇರಿಸಿ. ಮತ್ತೊಮ್ಮೆ "ಅಕ್ಕಾ" ಎನಿಸಿಕೊಳ್ಳುವ ಹಂಬಲ ದೊಡ್ಡತ್ತೆಯನ್ನು ಬಿಡಲಿಲ್ಲ.

ಚಿಕ್ಕಂದಿನಲ್ಲಿ ಚಿಕ್ಕತ್ತೆ ಜೇಬಿಲ್ಲದ ಅಂಗಿಯನ್ನು ತೊಡುತ್ತಲೇ ಇರಲಿಲ್ಲವಂತೆ. ಅವರ ಕೈಗಳು ಸದಾ ತಣ್ಣಗಿರುತ್ತಿದ್ದವಂತೆ. ಅದನ್ನು ನೆನೆದು ದೊಡ್ಡತ್ತೆ ಒಂದು ಚಳಿಗಾಲ ಭಿಕ್ಷುಣಿಯರು ಹೊದೆಯುವ ಹೊಸ ಚೀವರ ಹೊಲಿದು, ಅದರ ಒಳಮೈಗೆ ಗುಟ್ಟಾಗಿ ಒಂದು ಜೇಬು ಸೇರಿಸಿ ಬೆಟ್ಟಕ್ಕೆ ಕಳುಹಿಸಿದರು. "ಅದನ್ನ ನೋಡಿಯಾದ್ರೂ ಅವಳ ಬಾಯಲ್ಲಿ ಅಕ್ಕ ಅನ್ನೋ ಮಾತು ಬರತ್ತೆ, ನೋಡ್ತಿರು" ಎಂದು ಕೆಲವು ದಿನಗಳ ಮೇಲೆ ನನ್ನನ್ನೂ ಕರೆದುಕೊಂಡು ಹೊರಟರು.

ಮೇಲೆ ತಲುಪಿದಾಗ ಅವರಿಗೆ ಏದುಸಿರು. ಅರೆಮುಚ್ಚಿದ ಕಣ್ಣಿನ ಬುದ್ಧನನ್ನು ನೋಡಿ, "ಇವನು ಆರಾಮಾಗಿ ಕೂತಿದಾನೆ, ಹತ್ತಿ ಬಂದೋರ ಪಾಡು ಇವನಿಗೇನು ಗೊತ್ತು" ಎಂದು ಗೊಣಗಿದರು. ಅಷ್ಟರಲ್ಲಿ ಚಿಕ್ಕತ್ತೆ ಬಂದು ಕೈಮುಗಿದರು.

"ಆಯಾಸ ಆಯ್ತಾ, ತಾಯಿ? ನೀರು ಕುಡೀರಿ." ಆಮೇಲೆ ಮಡಿಸಿದ ಒಂದು ಚೌಕ ಬಟ್ಟೆಯನ್ನು ಅಕ್ಕನ ಅಂಗೈಯಲ್ಲಿಟ್ಟರು. "ನಾವು ಜೇಬು ಇಟ್ಕೊಳ್ಳೋ ಹಾಗಿಲ್ಲ."

ಅದೇ ಜೇಬು. ಬಿಚ್ಚಿದ ನೂಲನ್ನೂ ಎಸೆಯದೆ ಉಂಡೆ ಸುತ್ತಿ ಒಳಗಿಟ್ಟಿದ್ದರು.

ಇಳಿಯುವಾಗ ದೊಡ್ಡತ್ತೆ ನಡುದಾರಿಯಲ್ಲಿ ಕುಳಿತುಬಿಟ್ಟರು. "ಅಕ್ಕಾ ಅಂತ ಒಂದ್ಸಲ ಕರೆದಿದ್ರೆ ಅವಳ ಗಂಟೇನು ಹೋಗ್ತಿತ್ತು?" ಎಂದು ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಎಷ್ಟು ನಾಜೂಕಾಗಿ ಬಿಚ್ಚಿದಾಳೆ ನೋಡು. ಒಂದು ಎಳೆ ಕಿತ್ತಿಲ್ಲ. ನಾನೇ ಕಲಿಸಿದ್ದು." ಆ ದನಿಯಲ್ಲಿದ್ದ ಹೆಮ್ಮೆಯನ್ನು ಕೇಳಿ ನನಗೆ ಅವರ ಅಳುವಿಗಿಂತ ಹೆಚ್ಚು ಸಂಕಟವಾಯಿತು.

ಸಂಸಾರ ತೊರೆದವರ ತ್ಯಾಗವನ್ನು ಲೋಕ ಕೊಂಡಾಡುತ್ತದೆ. ಅವರಿಗೆ ಗುರುವಿದ್ದಾನೆ, ಮಂತ್ರವಿದೆ, ಏರಿ ನಿಲ್ಲಲು ಶಿಖರವಿದೆ. ಅವರು ತೊರೆದು ಹೋದ ಅಕ್ಕಂದಿರಿಗೆ ಯಾವ ದೀಕ್ಷೆಯೂ ಇಲ್ಲ. ನೋಯುವ ಕಾಲೆಳೆದುಕೊಂಡು ಅವರು ಮತ್ತೆ ಮತ್ತೆ ಹತ್ತುತ್ತಲೇ ಇರುತ್ತಾರೆ. ಎಲ್ಲರನ್ನೂ ಸಮನಾಗಿ ಪ್ರೀತಿಸುವುದನ್ನು ಮೇಲಿರುವವರು ಕಲಿತಿರುತ್ತಾರೆ. ಈ ಅಕ್ಕಂದಿರಿಗೆ ಬೇಕಾದದ್ದು ಎಲ್ಲರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು, ಅಷ್ಟೇ.