ಸದ್ದಿಲ್ಲದ ಸ್ಲ್ಯಾಬು

ಗಲ್ಫಿನಿಂದ ಬರುವವರು ಅತ್ತರು ತರುತ್ತಾರೆ, ಕಂಬಳಿ ತರುತ್ತಾರೆ. ಬಂಟ್ವಾಳದ ಮೂಸಬ್ಬ ತಂದದ್ದು ಒಂದು ಕಾಂಕ್ರೀಟಿನ ಹುಚ್ಚು. ದಮ್ಮಾಮಿನ ದೊಡ್ಡ ಕಟ್ಟಡಗಳಲ್ಲಿ ಅವನು ಆ ಕಾಂಕ್ರೀಟನ್ನು ಕಣ್ಣಾರೆ ಕಂಡಿದ್ದ. ಪೈಪಿನಿಂದ ಗಂಜಿಯ ಹಾಗೆ ಬೀಳುತ್ತದೆ, ತಾನೇ ಹರಿದು ಮೂಲೆ ಮೂಲೆಗೆ ಹೋಗಿ ಕೂರುತ್ತದೆ. ಕುಟ್ಟುವುದು ಬೇಡ, ಗಡಗಡ ಅನ್ನುವ ವೈಬ್ರೇಟರ್ ಬೇಡ, ಹೊರುವವರ ಸಾಲು ಬೇಡ. ಆದರೆ ಎರಡು ಸಾವಿರದ ಎಂಟರಲ್ಲಿ ಈ ಕಡೆ ಯಾರಾದರೂ ಅದರಲ್ಲಿ ಮನೆ ಕಟ್ಟಿದ್ದನ್ನು ಅವನು ಕೇಳಿರಲಿಲ್ಲ.

ಮಿಜಾರಿನಲ್ಲಿ ಕಟ್ಟಡದ ಇಂಜಿನಿಯರಾಗಿದ್ದ ತಂಗಿಯ ಮಗ ನಿಝಾಮ್ ತಲೆಯ ಮೇಲೆ ಕೈ ಹೊತ್ತ. "ಮಾವ, ನಿಮಗೇನು ಮರುಳಾ? ಸಿಮೆಂಟು ಜಾಸ್ತಿ ಬೇಕು, ಅದಕ್ಕೆ ಸೇರಿಸುವ ಔಷಧಿಗೆ ಚಿನ್ನದ ರೇಟು. ಹಲಗೆಯಲ್ಲಿ ಒಂದು ಸಂದು ಬಿಟ್ರೂ ಎಲ್ಲ ಕೆಳಗೆ ಸೋರಿ ಹೋಗ್ತದೆ. ಮನೆಗೆ ಯಾಕೆ ಅದು?"

"ಶಬ್ದ ಇಲ್ಲವಲ್ಲ ಮಾರಾಯ. ನನಗೆ ಅಷ್ಟು ಸಾಕು."

ಕಟ್ಟುತ್ತಿದ್ದ ಹೊಸ ಮನೆಯ ಪಕ್ಕದ ಹಂಚಿನ ಮನೆಯಲ್ಲಿ ಹೆಂಡತಿ ಜುಲೈಕಾ ಹಾಸಿಗೆ ಹಿಡಿದಿದ್ದಳು. ಹೃದಯ ಸೋತಿದೆ, ಗದ್ದಲ ಆಗಬಾರದು, ಹೆಚ್ಚು ದಿನವೂ ಇಲ್ಲ ಎಂದು ಡಾಕ್ಟರು ಮೂಸಬ್ಬನನ್ನು ಹೊರಗೆ ಕರೆದು ಹೇಳಿದ್ದರು. ಅವಳು ಹೋಗುವ ಮೊದಲು ಅವಳ ಮನೆಗೆ ಸ್ಲ್ಯಾಬು ಬೀಳಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ. ಹುಷಾರಿದ್ದಾಗ ಊರಲ್ಲಿ ಯಾರ ಮನೆಯ ಸ್ಲ್ಯಾಬಾದರೂ, ಹೊರುವ ಹೆಂಗಸರ ಬೊಬ್ಬೆಯಿಂದ ಹಿಡಿದು ಕೊನೆಗೆ ಮನೆಯವರು ಹಾಕುವ ಊಟದವರೆಗೆ ಜುಲೈಕಾ ಹೋಗಿ ನಿಂತು ನೋಡುತ್ತಿದ್ದಳು. ಆಮೇಲೆ ದಮ್ಮಾಮಿಗೆ ಫೋನಿನಲ್ಲಿ ಅದೇ ಪುರಾಣ. "ನಮ್ಮ ಸ್ಲ್ಯಾಬು ಯಾವಾಗ? ಪೂವಮ್ಮನ ಗುಂಪಿನವರಿಗೆ ತುಪ್ಪದನ್ನ ನಾನೇ ಬಡಿಸ್ತೇನೆ, ಹೇಳಿ ಇಟ್ಟಿದ್ದೇನೆ." ಪೂವಮ್ಮ ಎಂದರೆ ಊರಿನ ಕಾಂಕ್ರೀಟು ಹೊರುವ ಹೆಂಗಸರ ಯಜಮಾನಿ. ಮೂಸಬ್ಬನ ಕಿವಿಗೆ ಹೊಕ್ಕಿದ್ದು ಸ್ಲ್ಯಾಬು ಮಾತ್ರ. ಗಂಡಸರ ಕಿವಿ, ಇನ್ನೇನು!

ಹಲಗೆಗಳ ಸಂದಿಗೆಲ್ಲ ಟೇಪು ಹಚ್ಚಿದರು. ಸ್ಲ್ಯಾಬಿನ ದಿನ ಕಾಂಕ್ರೀಟಿನ ಲಾರಿ ಕೆಳಗಿನ ರಸ್ತೆಯಲ್ಲೇ ನಿಂತಿತು, ಪೈಪು ಮೇಲೆ ಬಂತು. ನಾಲ್ಕೇ ನಾಲ್ಕು ಜನ. ಒಂದು ತೊಟ್ಟೂ ಸೋರಲಿಲ್ಲ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಕೂಗುವ ಹೊತ್ತಿಗೆ ಎಲ್ಲ ಮುಗಿದು, ಮೇಲೆ ನೀರು ನಿಂತ ಗದ್ದೆಯಷ್ಟು ಸಮವಾಗಿತ್ತು. ಮೂಸಬ್ಬನಿಗೆ ಖುಷಿಯಲ್ಲಿ ನೆಲ ಕಾಣಲಿಲ್ಲ. ಕಾಲು ತೊಳೆದು ಒಳಗೆ ಓಡಿದ.

ಜುಲೈಕಾ ದಿಂಬಿಗೆ ಒರಗಿ ಕೂತಿದ್ದಳು. ಯಾರ ಹತ್ತಿರ ಹೇಳಿ ಉಡಿಸಿಕೊಂಡಳೋ, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಮೈಮೇಲಿತ್ತು. ಕಿವಿ ಕಿಟಕಿಯ ಕಡೆಗಿತ್ತು.

"ಯಾವಾಗ ಸುರು ಮಾಡ್ತಾರೆ?" ಕೇಳಿದಳು.

"ಮುಗಿಯಿತು ಜುಲೈಕಾ! ನಿನಗೆ ಒಂಚೂರೂ ಗೊತ್ತಾಗಲಿಲ್ಲ ನೋಡು!"

"ಮುಗಿಯಿತಾ?" ಅವಳು ಅವನ ಮುಖವನ್ನೇ ನೋಡಿದಳು. "ಪೂವಮ್ಮ ಬರಲಿಲ್ಲವಾ? ಹೆಂಗಸರು?"

"ಅವರು ಬೇಕಾಗಲೇ ಇಲ್ಲ. ಅದು ತಾನೇ ಹರಿದು ಹೋಗ್ತದೆ."

"ಊಟ?"

"ನಾಲ್ಕು ಜನರಿಗೆ ಹೋಟೆಲಿನಿಂದ ತರಿಸಿದೆ."

ಅವಳು ಸೆರಗಿನ ಜರಿಯನ್ನು ಬೆರಳಲ್ಲಿ ಸುತ್ತಿದಳು, ಬಿಟ್ಟಳು. ಅವಳ ಮುಖ ನೋಡಿ ಮೂಸಬ್ಬನಿಗೆ ತಾನು ಮಾಡಿದ್ದು ಏನೆಂದು ಆಗ ತಿಳಿಯಿತು, ಪಾಪ.

"ಮುಂದಿನ ವಾರ ಮೆಟ್ಟಿಲು ಉಂಟು," ಎಂದು ತಡವರಿಸಿದ. "ಅದಕ್ಕೆ ಎಲ್ಲರನ್ನೂ ಕರೆಸುವ. ನೀನು ಬಡಿಸು."

"ಮೆಟ್ಟಿಲಿಗೆ ಯಾರು ಊಟ ಹಾಕ್ತಾರೆ?" ಎಂದು ಜುಲೈಕಾ ಗೋಡೆಯ ಕಡೆ ತಿರುಗಿದಳು. "ಸೀರೆ ತೆಗೆದು ಪೆಟ್ಟಿಗೆಯಲ್ಲಿ ಇಡಿ. ಮಡಚಿ ಇಡಿ."

ಮೆಟ್ಟಿಲಿನ ವಾರ ಬರುವ ಮೊದಲೇ ಅವಳನ್ನು ಮಸೀದಿಯ ಮಣ್ಣಿಗೆ ಕೊಟ್ಟು ಬಂದರು.

ಹಲಗೆ ಬಿಚ್ಚಿದ ದಿನ ನಿಝಾಮ್ ಸ್ಲ್ಯಾಬಿನ ಅಡಿ ಸವರಿ, "ಒಂದು ತೂತಿಲ್ಲ ಮಾವ, ಕನ್ನಡಿಯೇ," ಎಂದ. ಮೂಸಬ್ಬ ಕತ್ತೆತ್ತಲಿಲ್ಲ. ಅಂಗಳದಲ್ಲಿ ಪೂವಮ್ಮ ನಿಂತಿದ್ದಳು. ಸಾವಿನ ಸುದ್ದಿ ತಡವಾಗಿ ತಿಳಿದು, ಬೆಳ್ತಂಗಡಿಯ ಕೆಲಸ ಬಿಟ್ಟು, ಗುಂಪಿನ ಹೆಂಗಸರನ್ನೂ ಕರೆದುಕೊಂಡು ಬಂದಿದ್ದಳು. ಅವಳಿಗೆ ಸಿಟ್ಟೂ ಇತ್ತು, ಅಳುವೂ ಇತ್ತು.

"ಅಕ್ಕನಿಗೆ ಗದ್ದಲ ಆಗಬಾರದು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಬ್ಯಾರಿಗಳೇ," ಎಂದಳು. "ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರ್ತಿದ್ದೆವು. ಒಬ್ಬಳೂ ಸ್ವರ ಎತ್ತುತ್ತಿರಲಿಲ್ಲ."

"ಅವಳಿಗೆ ನಿಮ್ಮ ಬೊಬ್ಬೆಯೇ ಬೇಕಿತ್ತು ಪೂವಮ್ಮ," ಎಂದ ಮೂಸಬ್ಬ.